ರೂಮ್ ಖಾಲಿ ಮಾಡೋ ತಿಂಗಳು: ಡೊಂಬಿವಲಿಯಲ್ಲಿ ಆಡಿದ ಮಾತು

ಹೋದ ಭಾನುವಾರ ಸಾಯಂಕಾಲ ಡೊಂಬಿವಲಿ ಈಸ್ಟಲ್ಲಿ ನಮ್ಮ ಕನ್ನಡದವರು ಸೇರಿದ್ದಾಗ ಮಾತಾಡಿದ್ದು ಇದು. ಮಳೆಗೆ ಲೋಕಲ್ ಲೇಟಾಗಿ ಅರ್ಧ ಜನ ಮಾತೆಲ್ಲ ಮುಗಿದ ಮೇಲೆ ಉಪ್ಪಿಟ್ಟಿನ ಹೊತ್ತಿಗೆ ಬಂದ್ರು, ಆಮೇಲೆ ಅವರೇ ಬರೆದು ಕೊಡಿ ಅಕ್ಕಾ ಅಂತ ಗಂಟು ಬಿದ್ದಿದ್ದು. ಮಾತಾಡಿದ ಹಾಗೇ ಬರೆದಿದೀನಿ, ಅಲ್ಲಿ ಮರೆತಿದ್ದನ್ನ ಇಲ್ಲಿ ಸೇರಿಸಿದೀನಿ.

ಮೊದಲೇ ಹೇಳಿಬಿಡ್ತೀನಿ, ನಾನು ವಕೀಲೆ ಅಲ್ಲ. ಮದುವೆಯಾಗಿ ಶಿವಮೊಗ್ಗ ಕಡೆಯಿಂದ ಇಲ್ಲಿಗೆ ಬಂದವಳು, ಕಲ್ಯಾಣದಲ್ಲಿ ಒಬ್ಬ ವಕೀಲ್ ಸಾಹೇಬ್ರ ಆಫೀಸಲ್ಲಿ ಟೈಪಿಂಗ್ ಕೆಲಸಕ್ಕೆ ಸೇರಿ 21 ವರ್ಷ ಅಲ್ಲೇ ಕೂತಿದ್ದೆ. ಎಷ್ಟು ಲೀವ್ ಅಂಡ್ ಲೈಸೆನ್ಸ್ ಅಗ್ರಿಮೆಂಟ್ (ಇಲ್ಲಿ ಮನೆ ಕೊಡುವಾಗ ಮಾಡಿಸೋ ಕಾಗದ) ಟೈಪ್ ಮಾಡಿದೀನೋ ಲೆಕ್ಕ ಇಟ್ಟಿಲ್ಲ. ಜೊತೆಗೆ ನಾವೇ ಐದು ಬಾಡಿಗೆ ರೂಮ್ ಬದಲಾಯಿಸಿದವರು (ಮುಂಬಯಿಯಲ್ಲಿ ಮನೆಗೆ ರೂಮ್ ಅಂತಾರೆ, ಊರಿಂದ ಬಂದವರಿಗೆ ಒಂದು ವರ್ಷ ಇದು ಅರ್ಥ ಆಗಲ್ಲ), ಈಗ ದೇವರ ದಯೆಯಿಂದ ಒಂದು ಸಣ್ಣ ಒನ್ ಆರ್‌ಕೆ, ಅಂದ್ರೆ ಒಂದು ರೂಮ್ ಒಂದು ಅಡುಗೆಮನೆ, ನಾವೇ ಬಾಡಿಗೆಗೆ ಕೊಟ್ಟಿದೀವಿ. ಹಾಗಾಗಿ ಎರಡೂ ಕಡೆಯ ಬೈಗುಳ ತಿಂದಿದೀನಿ, ಎರಡೂ ಕಡೆಯವರನ್ನ ಬೈದಿದೀನಿ.

ನಾನು ಹೇಳಬೇಕು ಅಂತ ಬಂದಿದ್ದು ಒಂದೇ ವಿಷಯ. ನಾವೆಲ್ಲ ಬಾಯಲ್ಲಿ "ಬಾಡಿಗೆಗೆ ಇದೀವಿ" ಅಂತೀವಿ, ಪಕ್ಕದ ಮನೆ ಕಾಕು "ಭಾಡೇಕರು" ಅಂತಾರೆ, ಆದ್ರೆ ನಿಮ್ಮ ಕಾಗದದಲ್ಲಿ ಹೆಚ್ಚಿನವರು ಬಾಡಿಗೆದಾರರೇ ಅಲ್ಲ. ಲೈಸೆನ್ಸಿ, ಅಂದ್ರೆ ಅನುಮತಿ ಮೇಲೆ ಇರೋರು. ಓನರ್ ಲೈಸೆನ್ಸರ್. ತಿಂಗಳು ತಿಂಗಳು ಕೊಡೋದು ಬಾಡಿಗೆ ಅಲ್ಲ, ಲೈಸೆನ್ಸ್ ಫೀ. ಎಲ್ಲಾ ಚೆನ್ನಾಗಿ ನಡೀತಿರೋವಾಗ ಈ ಹೆಸರಿನಿಂದ ಏನೂ ಫರಕ್ ಬೀಳಲ್ಲ, ಖಾಲಿ ಮಾಡೋ ತಿಂಗಳು ಬಂತು ನೋಡಿ, ಆಗ ಪೂರ್ತಿ ಫರಕ್ ಬೀಳೋದು ಇಲ್ಲೇ.

ಯಾಕೆ ಹೀಗಾಯ್ತು ಅನ್ನೋದಕ್ಕೆ ಸ್ವಲ್ಪ ಹಿಂದೆ ಹೋಗಬೇಕು. 1947ರಲ್ಲಿ ಬಾಂಬೆ ರೆಂಟ್ ಆ್ಯಕ್ಟ್ ಅಂತ ಬಂತು. ಯುದ್ಧ ಮುಗಿದ ಕಾಲ, ಮನೆ ಸಿಗ್ತಿರಲಿಲ್ಲ, ಓನರ್‌ಗಳು ಬಾಯಿಗೆ ಬಂದ ಬಾಡಿಗೆ ಕೇಳಬಾರದು ಅಂತ 1940ರ ಸೆಪ್ಟೆಂಬರ್ 1ಕ್ಕೆ ಎಷ್ಟು ಬಾಡಿಗೆ ಇತ್ತೋ ಅದನ್ನೇ ಸ್ಟ್ಯಾಂಡರ್ಡ್ ರೆಂಟ್ ಅಂತ ಕಟ್ಟಿ ಹಾಕಿದ್ರು. ಆ ಗಂಟು ಬಿಚ್ಚೋಕೆ ಯಾರಿಗೂ ಮನಸ್ಸಿರಲಿಲ್ಲ, ಗಿರ್ಗಾಂವ್ ಪರೇಲ್ ಮಾಟುಂಗಾ ಚಾಳುಗಳಲ್ಲಿ (ಸಾಲು ರೂಮಿನ ಹಳೇ ಬಿಲ್ಡಿಂಗ್) ಚಿಲ್ಲರೆ ಕಾಸಿನ ಬಾಡಿಗೆ ದಶಕಗಟ್ಟಲೆ ಹಾಗೇ ನಡೀತು, ಓನರ್ ರಿಪೇರಿ ಮಾಡಿಸೋದು ಬಿಟ್ಟ, ಬಿಲ್ಡಿಂಗ್ ಸೋರೋಕೆ ಶುರುವಾಯ್ತು. ಇದರಿಂದ ತಪ್ಪಿಸ್ಕೊಳ್ಳೋಕೆ ಓನರ್‌ಗಳು ಹುಡುಕಿದ ದಾರಿಯೇ ಲೀವ್ ಅಂಡ್ ಲೈಸೆನ್ಸ್, ಅಂದ್ರೆ ನಾನು ಮನೆ ಬಾಡಿಗೆಗೆ ಕೊಟ್ಟಿಲ್ಲ, ಸ್ವಲ್ಪ ದಿನ ಇದ್ದು ಹೋಗೋಕೆ ಅನುಮತಿ ಕೊಟ್ಟಿದೀನಿ ಅಷ್ಟೇ ಅಂತ. ಆಮೇಲೆ ಸರ್ಕಾರ ಏನ್ ಮಾಡ್ತು, 1973ರ ಫೆಬ್ರವರಿ 1ಕ್ಕೆ ಯಾರ್ಯಾರು ಹೀಗೆ ಚಾಲ್ತಿ ಲೈಸೆನ್ಸ್ ಮೇಲೆ ಮನೇಲಿದ್ರೋ ಅವರನ್ನೂ ಕಾಯ್ದೆ ತಿದ್ದಿ ಬಾಡಿಗೆದಾರರು ಅಂತ ಮಾಡಿಬಿಡ್ತು. ಲೈಸೆನ್ಸಿ ಆಗಿ ಮಲಗಿದವರು ಬಾಡಿಗೆದಾರರಾಗಿ ಎದ್ರು ಅಂತ ನಮ್ಮ ಸಾಹೇಬ್ರು ನಗಾಡೋರು. ಈ ಊರಿನ ಓನರ್‌ಗಳಿಗೆ ಬಾಡಿಗೆಯವರು ಅಂದ್ರೆ ಇವತ್ತಿಗೂ ಇರೋ ಆ ಹೆದರಿಕೆ ಇದೆಯಲ್ಲ, ಹನ್ನೊಂದು ತಿಂಗಳಾದ ಕೂಡ್ಲೆ ಹೊಸ ಕಾಗದ ಹೊಸ ಕಾಗದ ಅನ್ನೋದು, ಅದು ಸುಮ್ಮನೆ ಬಂದಿದ್ದಲ್ಲ.

ಇನ್ನೊಂದು ಹೇಳ್ತೀನಿ, ನಮ್ಮವರಿಗೆ ಖುಷಿ ಆಗುತ್ತೆ. ಆ 1940ರ ಬಾಡಿಗೆ ಇವತ್ತಿನ ಕಾಲಕ್ಕೆ ನ್ಯಾಯ ಅಲ್ಲ ಅಂತ ಸುಪ್ರೀಂ ಕೋರ್ಟ್ 1997ರ ಡಿಸೆಂಬರಲ್ಲಿ ಹೇಳ್ತಲ್ಲ, ಆ ಕೇಸಿನ ಹೆಸರು ಮಲ್ಪೆ ವಿಶ್ವನಾಥ ಆಚಾರ್ಯ ವರ್ಸಸ್ ಮಹಾರಾಷ್ಟ್ರ ಸರ್ಕಾರ. ಮೊದಲ ಸಲ ಫೈಲಲ್ಲಿ ಆ ಹೆಸರು ಟೈಪ್ ಮಾಡುವಾಗ ಮುಂಬಯಿ ಬಾಡಿಗೆ ಕಾನೂನಿನೊಳಗೆ ಮಲ್ಪೆ ಎಲ್ಲಿಂದ ಬಂತಪ್ಪಾ ಅಂತ ಕೈ ನಿಂತಿತ್ತು. ಅದಾದ ಮೇಲೆ ಬಂದಿದ್ದೇ ಈಗ ನಡೀತಿರೋ ಮಹಾರಾಷ್ಟ್ರ ರೆಂಟ್ ಕಂಟ್ರೋಲ್ ಆ್ಯಕ್ಟ್ 1999, ಜಾರಿಗೆ ಬಂದಿದ್ದು 2000ದ ಮಾರ್ಚ್ 31ಕ್ಕೆ. ಅದರಲ್ಲಿ ನಮ್ಮಂಥವರು ನೆನಪಿಟ್ಟುಕೊಳ್ಳಬೇಕಾದ ಕಲಂ ಎರಡು, 24 ಮತ್ತು 55.

24ನೇ ಕಲಂ ಓನರ್ ಪರ. ವಾಸಕ್ಕೆ ಅಂತ ಲೈಸೆನ್ಸ್ ಮೇಲೆ ಕೊಟ್ಟ ಮನೆ, ಅವಧಿ ಮುಗೀತು, ಲೈಸೆನ್ಸಿ ಹೋಗ್ತಿಲ್ಲ, ಆಗ ಓನರ್ ವರ್ಷಾನುಗಟ್ಟಲೆ ಸಿವಿಲ್ ಕೋರ್ಟಿಗೆ ಅಲೀಬೇಕಾಗಿಲ್ಲ, ಕಾಂಪಿಟೆಂಟ್ ಅಥಾರಿಟಿ ಅಂತ ಈ ಕೆಲಸಕ್ಕೇ ನೇಮಿಸಿದ ಅಧಿಕಾರಿ ಇರ್ತಾರೆ, ಅಲ್ಲಿ ಅರ್ಜಿ ಹಾಕಬಹುದು. ಮುಗಿದ ದಿನದಿಂದ ಬಿಡೋ ದಿನದವರೆಗೆ ಲೈಸೆನ್ಸ್ ಫೀಯ ಡಬಲ್ ದರದಲ್ಲಿ ನಷ್ಟ ಕೊಡಬೇಕು. ಅಂದ್ರೆ ತಿಂಗಳಿಗೆ 18,000 ಕೊಡ್ತಿದ್ದವರಿಗೆ 36,000. ಸಮನ್ಸ್ ಬಂದ ಮೇಲೆ 30 ದಿನದೊಳಗೆ ಅಫಿಡವಿಟ್ ಹಾಕಿ, ನನಗೆ ವಾದ ಮಾಡೋಕೆ ಪರ್ಮಿಷನ್ ಕೊಡಿ ಅಂತ ಲೈಸೆನ್ಸಿ ಕೇಳಬೇಕು, ಕೇಳದೇ ಸುಮ್ಮನಿದ್ರೆ ಓನರ್ ಹೇಳಿದ್ದೆಲ್ಲ ಒಪ್ಪಿಕೊಂಡ ಹಾಗೆ ಲೆಕ್ಕ, ಖಾಲಿ ಮಾಡೋ ಆರ್ಡರ್ ಆಗಿಬಿಡುತ್ತೆ. ಸಮನ್ಸ್ ಮಡಚಿ ಟಿವಿ ಮೇಲಿಟ್ಟು ಊರಿಗೆ ಹೋದವರನ್ನ ನೋಡಿದೀನಿ ನಾನು, ವಾಪಸ್ ಬಂದಾಗ 30 ದಿನ ಕಳೆದಿರುತ್ತೆ. ಇನ್ನೊಂದು, ಬರಹದಲ್ಲಿರೋ ಲೈಸೆನ್ಸ್ ಅಗ್ರಿಮೆಂಟಲ್ಲಿ ಏನಿದೆಯೋ ಅದೇ ಅಲ್ಲಿ ಕೊನೇ ಮಾತು, ಬಾಯಲ್ಲಿ ಓನರ್ ಇನ್ನೂ ಒಂದು ವರ್ಷ ಇರಿ ಅಂದಿದ್ರು ಅಂದ್ರೆ ಅಲ್ಲಿ ನಡೆಯಲ್ಲ.

ಹೋಟೆಲ್‌ನವರು ಹಿಂದಿನ ಸಾಲಲ್ಲಿ ಕೂತಿದ್ರು, ಅವರಿಗೆ ಅಲ್ಲೇ ಹೇಳಿದೆ, ಈ ಶಾರ್ಟ್‌ಕಟ್ ವಾಸದ ಮನೆಗೆ ಮಾತ್ರ. ಅಂಗಡಿ, ಹೋಟೆಲ್, ಕಂಡಕ್ಟಿಂಗ್ ಅಗ್ರಿಮೆಂಟ್ (ಇನ್ನೊಬ್ಬರ ವ್ಯಾಪಾರ ನಡೆಸೋಕೆ ವಹಿಸ್ಕೊಳ್ಳೋದು) ಜಗಳಕ್ಕೆ ದಾರಿ ಬೇರೆ, ಮುಂಬಯಿ ಸಿಟಿಯಲ್ಲಿ ಆದ್ರೆ ಧೋಬಿ ತಲಾವ್ ಹತ್ರದ ಸ್ಮಾಲ್ ಕಾಸಸ್ ಕೋರ್ಟಿಗೆ ಹೋಗಬೇಕು. ಅದು ಇನ್ನೊಂದು ದಿನದ ಮಾತು.

ಈಗ 55. ಇದು ಬಾಡಿಗೆಗೆ ಇರೋರ ಪರ, ಆದ್ರೆ ಅವರಿಗೇ ಗೊತ್ತಿರಲ್ಲ. ಕಾಗದ ಲೀಸ್ (ನಿಜವಾದ ಬಾಡಿಗೆ ಕರಾರು) ಆಗಲಿ ಲೈಸೆನ್ಸ್ ಆಗಲಿ, ಬರಹದಲ್ಲಿರಬೇಕು, ರಿಜಿಸ್ಟರ್ ಆಗಿರಬೇಕು, ರಿಜಿಸ್ಟರ್ ಮಾಡಿಸೋ ಜವಾಬ್ದಾರಿ ಓನರ್ ಮೇಲೆ. ಬೆಂಗಳೂರಿಂದ ಬಂದವರು ಇಲ್ಲಿ ಎಡವುತ್ತಾರೆ. ಅಲ್ಲಿ 11 ತಿಂಗಳ ಕಾಗದ ಸ್ಟ್ಯಾಂಪ್ ಪೇಪರ್ ಮೇಲೆ ಬರೆದು ಸಹಿ ಹಾಕಿದ್ರೆ ಆಯ್ತು ಅಂತ ರೂಢಿ, ವರ್ಷದ ಒಳಗಿನ ಲೀಸಿಗೆ 1908ರ ರಿಜಿಸ್ಟ್ರೇಷನ್ ಆ್ಯಕ್ಟ್ ರಿಜಿಸ್ಟರ್ ಕಡ್ಡಾಯ ಅನ್ನಲ್ಲ, ಆ 11ರ ಲೆಕ್ಕ ಹುಟ್ಟಿದ್ದೇ ಹಾಗೆ. ಮಹಾರಾಷ್ಟ್ರದಲ್ಲಿ ಆ ಲೆಕ್ಕ ನಡೆಯಲ್ಲ, 11 ತಿಂಗಳಾದ್ರೂ ರಿಜಿಸ್ಟರ್ ಆಗಲೇಬೇಕು. ಆಗದಿದ್ರೆ ಓನರ್‌ಗೆ 3 ತಿಂಗಳವರೆಗೆ ಜೈಲು ಇಲ್ಲಾ 5,000 ರೂಪಾಯಿವರೆಗೆ ದಂಡ ಇಲ್ಲಾ ಎರಡೂ ಆಗಬಹುದು. ಅದಕ್ಕಿಂತ ದೊಡ್ಡದು ಏನು ಗೊತ್ತಾ, ರಿಜಿಸ್ಟರ್ ಆದ ಕಾಗದ ಇಲ್ಲ ಅಂದ್ರೆ ಯಾವ ಷರತ್ತಿನ ಮೇಲೆ ಮನೆ ಕೊಟ್ಟಿದ್ದು ಅನ್ನೋದಕ್ಕೆ ಮನೇಲಿರೋರು ಹೇಳಿದ ಮಾತೇ ನಿಲ್ಲುತ್ತೆ, ಅದು ಸುಳ್ಳು ಅಂತ ತೋರಿಸೋ ಭಾರ ಓನರ್ ತಲೆ ಮೇಲೆ.

ಇಷ್ಟಕ್ಕೂ ಖರ್ಚು ಎಷ್ಟು ಅಂತೀರಿ? ತಿಂಗಳಿಗೆ 20,000, ಡಿಪಾಸಿಟ್ 1 ಲಕ್ಷ, 11 ತಿಂಗಳು ಅಂತ ಹಿಡೀರಿ. ಒಟ್ಟು ಬಾಡಿಗೆ 2,20,000, ಅದಕ್ಕೆ ಡಿಪಾಸಿಟ್ ಮೇಲೆ ವರ್ಷಕ್ಕೆ ಶೇ. 10ರ ಹಾಗೆ ಬಡ್ಡಿ ಸೇರಿಸಿ, ಆ ಮೊತ್ತದ ಶೇ. 0.25 ಸ್ಟ್ಯಾಂಪ್ ಡ್ಯೂಟಿ. 600 ರೂಪಾಯಿ ಕೂಡ ಆಗಲ್ಲ. ಮುನ್ಸಿಪಲ್ ಕಾರ್ಪೊರೇಷನ್ ಊರುಗಳಲ್ಲಿ ರಿಜಿಸ್ಟ್ರೇಷನ್ ಫೀ 1,000, ಹಳ್ಳಿ ಕಡೆ 500. ಏಜೆಂಟ್ ಹುಡುಗ ಮಷಿನ್ ತಗೊಂಡು ಮನೆಗೇ ಬಂದು ಹೆಬ್ಬೆಟ್ಟು ಒತ್ತಿಸ್ಕೊಂಡು ಹೋಗ್ತಾನೆ, ಅವನದ್ದು ಬೇರೆ. ಒಂದು ತಿಂಗಳ ಬಾಡಿಗೆ ಬ್ರೋಕರ್ ಕೈಗೆ ನಗ್ತಾ ಕೊಡೋ ಜನ ಈ ದುಡ್ಡಿಗೆ ಜುಗ್ಗತನ ಮಾಡ್ತಾರೆ, ನನಗಂತೂ ಅರ್ಥ ಆಗಲ್ಲ.

ಹಂಗಾದ್ರೆ ಅವಧಿ ಮುಗಿದ ಮಾರನೇ ದಿನ ಓನರ್ ಬಂದು ಬೀಗ ಹಾಕಬಹುದಾ? ಹಾಕೋ ಹಾಗಿಲ್ಲ. ಇದನ್ನ ನಾನು ಎರಡು ಸಲ ಹೇಳಿದೆ ಅವತ್ತು. ಡಬಲ್ ಕೇಳೋ ಹಕ್ಕಿದೆ, ಅರ್ಜಿ ಹಾಕೋ ಹಕ್ಕಿದೆ, ಸಾಮಾನು ಮೆಟ್ಟಿಲ ಮೇಲೆ ಎಸೆಯೋ ಹಕ್ಕು ಇಲ್ಲ. ಲೈಸೆನ್ಸ್ ರದ್ದಾದವರಿಗೂ ಸಾಮಾನು ತಗೊಂಡು ಹೋಗೋಕೆ ನ್ಯಾಯವಾದಷ್ಟು ಟೈಮ್ ಕೊಡಬೇಕು ಅಂತ 1882ರ ಈಸ್‌ಮೆಂಟ್ಸ್ ಆ್ಯಕ್ಟಲ್ಲೇ ಇದೆ. ಕಾನೂನು ದಾರಿ ಬಿಟ್ಟು ಹೊರಗೆ ಹಾಕಿದ್ರೆ ಸ್ಪೆಸಿಫಿಕ್ ರಿಲೀಫ್ ಆ್ಯಕ್ಟಿನ 6ನೇ ಕಲಂ ಇದೆ, ಹಾಕಿದ ದಿನದಿಂದ 6 ತಿಂಗಳೊಳಗೆ ಕೋರ್ಟಿಗೆ ಹೋಗಬೇಕು, ಏಳನೇ ತಿಂಗಳು ಹೋದ್ರೆ ಆ ಬಾಗಿಲು ಮುಚ್ಚಿರುತ್ತೆ. ನೀರು ಕರೆಂಟು ಕಟ್ ಮಾಡೋದು ಇನ್ನೊಂದು ಹಳೇ ವಿದ್ಯೆ, ರೆಂಟ್ ಆ್ಯಕ್ಟಿನ 29ನೇ ಕಲಂನಲ್ಲಿ ಬಾಡಿಗೆದಾರರಿಗೆ ಅದರ ವಿರುದ್ಧ ರಕ್ಷಣೆ ಇದೆ. ಲೈಸೆನ್ಸಿಗಳ ವಿಷಯಕ್ಕೆ ಬಂದ್ರೆ, ಮೊದಲು ಹೋಗಿ ಪೊಲೀಸ್ ಚೌಕಿಯಲ್ಲಿ ಬರಹದಲ್ಲಿ ಕೊಡಿ, ಫೋನಲ್ಲಿ ಜಗಳ ಆಡ್ತಾ ಕೂರಬೇಡಿ.

ಲೈಸೆನ್ಸಿಗಳಿಗೆ ಕಹಿ ಸುದ್ದಿಯೂ ಇದೆ. ಅವಧಿ ನಡುವೆ ಓನರ್ ಫ್ಲ್ಯಾಟ್ ಮಾರಿದ ಅಂದ್ಕೊಳ್ಳಿ. ಲೀಸ್ ಆಗಿದ್ರೆ ಹೊಸ ಓನರ್ ಸಾಮಾನ್ಯವಾಗಿ ಅದಕ್ಕೆ ಕಟ್ಟುಬಿದ್ದಿರ್ತಾನೆ, ಲೈಸೆನ್ಸ್ ಆದ್ರೆ ಕೊಂಡವನು ಅದಕ್ಕೆ ಕಟ್ಟುಬೀಳಬೇಕಾಗಿಲ್ಲ, ಅದೂ ಈಸ್‌ಮೆಂಟ್ಸ್ ಆ್ಯಕ್ಟಲ್ಲೇ ಬರೆದಿದೆ. ಬಿಲ್ಡಿಂಗ್ ರೀಡೆವಲಪ್‌ಮೆಂಟಿಗೆ, ಅಂದ್ರೆ ಕೆಡವಿ ಹೊಸದು ಕಟ್ಟೋಕೆ ಹೋದ್ರೂ ಅಷ್ಟೇ, ಹೊಸ ಫ್ಲ್ಯಾಟು, ಬಿಲ್ಡರ್ ಕೊಡೋ ನಡುವಿನ ಬಾಡಿಗೆ ದುಡ್ಡು ಎಲ್ಲಾ ಓನರ್‌ಗೆ, ನಿಮಗೆ ಟೆಂಪೋ ಖರ್ಚು. ಅದಕ್ಕೇ ಬಿಲ್ಡಿಂಗಲ್ಲಿ ರೀಡೆವಲಪ್‌ಮೆಂಟ್ ಮೀಟಿಂಗ್ ನಡೀತಿದೆಯಾ ಅಂತ ಸೇರೋ ಮೊದಲೇ ವಾಚ್‌ಮನ್ ಹತ್ರ ಕೇಳಿ. ಬ್ರೋಕರ್ ಹೇಳಲ್ಲ, ವಾಚ್‌ಮನ್‌ಗೆ ಎಲ್ಲಾ ಗೊತ್ತಿರುತ್ತೆ.

ಪಗಡಿಯವರು ಬೇರೆ ಜಾತಿ. ನಮ್ಮ ಹಿರಿಯರು, ಹೋಟೆಲ್ ಕೆಲಸಕ್ಕೆ ಬಂದು ಚಾಳಲ್ಲಿ ಪಗಡಿ (ಬಾಡಿಗೆ ಹಕ್ಕಿಗಾಗಿ ಸೇರುವಾಗ ಒಟ್ಟಿಗೆ ಕೊಡೋ ದುಡ್ಡು) ಕೊಟ್ಟು ಖೋಲಿ, ಅಂದ್ರೆ ರೂಮ್, ಹಿಡಿದವರು, ಅವರು ನಿಜವಾದ ಬಾಡಿಗೆದಾರರು. ಅವರನ್ನ ಬಿಡಿಸೋಕೆ ಕಾಯ್ದೆಯಲ್ಲಿ ಹೇಳಿದ ಕಾರಣವೇ ಬೇಕು: ಓನರ್‌ಗೆ ನಿಜವಾಗ್ಲೂ ಬೇಕಾಗಿರೋದು, ಬೇರೆಯವರಿಗೆ ಒಳಬಾಡಿಗೆ ಕೊಟ್ಟಿದ್ದು, ಸರಿಯಾದ ಕಾರಣ ಇಲ್ಲದೆ ಆರು ತಿಂಗಳು ಬೀಗ ಹಾಕಿಟ್ಟಿದ್ದು, ಇಂಥವು. ಬಾಡಿಗೆ ಬಾಕಿ ಅಂತಾದ್ರೆ ಬರಹದಲ್ಲಿ ನೋಟಿಸ್ ಕೊಟ್ಟು 90 ದಿನ ಕಾಯಬೇಕು. ಕೇಸ್ ಹಾಕಿದ ಮೇಲೂ ಸಮನ್ಸ್ ಸಿಕ್ಕ 90 ದಿನದೊಳಗೆ ಬಾಕಿಯನ್ನ ಶೇ. 15 ಬಡ್ಡಿ ಸಮೇತ ಖರ್ಚೂ ಸೇರಿಸಿ ಕಟ್ಟಿದ್ರೆ ಬಾಕಿ ಕಾರಣಕ್ಕೆ ಬಿಡಿಸೋಕಾಗಲ್ಲ. ಇಲ್ಲಿ ಒಬ್ಬರು ಮಾವನವರ ಖೋಲಿಗೆ ಬೀಗ ಹಾಕಿ ಉಡುಪಿಗೆ ಹೋಗಿ ಎರಡು ವರ್ಷ ಆಯ್ತು ಅಂದ್ರು. ನಾನಂದೆ, ಅಣ್ಣಾ, ನಾಳೆ ಬೆಳಗ್ಗೆ ಮೊದಲು ವಕೀಲರ ಹತ್ರ ಹೋಗಿ, ಉಪ್ಪಿಟ್ಟು ಆಮೇಲೆ.

ಇನ್ನು ಡಿಪಾಸಿಟ್. ಜಗಳ ಹತ್ತರಲ್ಲಿ ಒಂಬತ್ತು ಇಲ್ಲೇ ಶುರುವಾಗೋದು ಅಂತ ನನ್ನ ಅನುಭವ. ಒಬ್ಬ ಹುಡುಗ ಕೇಳಿದ, ಮಾಮಿ, ಎರಡು ತಿಂಗಳಿಗಿಂತ ಜಾಸ್ತಿ ಡಿಪಾಸಿಟ್ ತಗೋಬಾರದು ಅಂತ ಕಾನೂನು ಬಂದಿದೆಯಂತಲ್ಲ. ಅದು 2021ರ ಜೂನಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ಮಗಾ, ಮಾದರಿ ಅಷ್ಟೇ, ರಾಜ್ಯಗಳು ತಮ್ಮ ಕಾಯ್ದೆ ಮಾಡ್ಕೊಂಡ್ರೆ ಮಾತ್ರ ಲಾಗೂ. ನಮ್ಮ ಅಗ್ರಿಮೆಂಟ್ ಜಗಳಗಳೆಲ್ಲ ನಡೀತಿರೋದು 1999ರ ಕಾಯ್ದೆ ಮೇಲೆ, ಅದರಲ್ಲಿ ಡಿಪಾಸಿಟಿಗೆ ಇಷ್ಟೇ ಅಂತ ಮಿತಿ ಇಲ್ಲ. ಬೆಂಗಳೂರಲ್ಲಿ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಬಂದವರಿಗೆ ಇಲ್ಲಿನ ಡಿಪಾಸಿಟ್ ಕಮ್ಮಿ ಅನ್ಸುತ್ತೆ, ಹೆವಿ ಡಿಪಾಸಿಟ್ ಅನ್ನೋದು ಇನ್ನೂ ನೋಡಿಲ್ಲ ಅಂತ ಅರ್ಥ. ಲಕ್ಷಗಟ್ಟಲೆ ಒಂದೇ ಸಲ ಕೊಟ್ಟು ತಿಂಗಳಿಗೆ ಏನೂ ಕೊಡದೆ ಇರೋದು, ಇಲ್ಲಾ ಹೆಸರಿಗೆ ಅಷ್ಟು ಇಷ್ಟು ಕೊಡೋದು. ಬಿಡೋ ದಿನ ಓನರ್ ಕೈಯಲ್ಲಿ ಆ ದುಡ್ಡಿರಲ್ಲ. ಮಗಳ ಮದುವೆಗೋ ಇನ್ನೊಂದು ಫ್ಲ್ಯಾಟ್ ಬುಕಿಂಗಿಗೋ ಹೋಗಿರುತ್ತೆ. "ಮುಂದಿನ ಪಾರ್ಟಿ ಬರಲಿ, ಅವರ ಡಿಪಾಸಿಟ್ ಬಂದ ಕೂಡ್ಲೆ ಕೊಡ್ತೀನಿ" ಅಂತಾರೆ, ನಿಮಗೆ ಅಲ್ಲಿ ಹೊಸ ಓನರ್‌ಗೆ ಕೊಡಬೇಕು, ಈ ಸರಪಳಿಯಲ್ಲಿ ಒಂದು ಕೊಂಡಿ ಕಳಚಿದ್ರೆ ನಾಲ್ಕು ಸಂಸಾರ ಟೆಂಪೋದಲ್ಲಿ ಸಾಮಾನು ಹೇರ್ಕೊಂಡು ನಿಂತಿರುತ್ತೆ.

ದುಡ್ಡು ಕೊಡೋವರೆಗೂ ಹೋಗಲ್ಲ ಅಂತ ಕೂತ್ರೆ? ಕೂರಬಹುದು, ಆದ್ರೆ ಆ ಕಡೆಯಿಂದ ಡಬಲ್ ಲೆಕ್ಕ ಓಡೋಕೆ ಶುರುವಾಗಬಹುದು. ಅದಕ್ಕೇ ಸೇರೋ ದಿನವೇ ಅಗ್ರಿಮೆಂಟಲ್ಲಿ ಒಂದು ಸಾಲು ಬರೆಸಿ: ಬೀಗದ ಕೈ ಕೊಡೋದು, ಡಿಪಾಸಿಟ್ ವಾಪಸ್ ಮಾಡೋದು ಒಂದೇ ಹೊತ್ತಿಗೆ ಆಗಬೇಕು, ಓನರ್ ಡಿಪಾಸಿಟ್ ಕೊಡದಿದ್ರೆ ಕೊಡೋವರೆಗೆ ಲೈಸೆನ್ಸ್ ಫೀ ಇಲ್ಲದೆ ಇರಬಹುದು, ಮೇಲೆ ಬಡ್ಡಿ ಇಷ್ಟು. ಕಂಪನಿಗಳು ತಮ್ಮ ಸ್ಟಾಫಿಗೆ ಮನೆ ಹಿಡಿಯುವಾಗ ಈ ಸಾಲು ಹಾಕಿಸ್ತಾವೆ, ನಾನೇ ಟೈಪ್ ಮಾಡಿದೀನಿ. ನಮ್ಮ ಜನ ಕೇಳೋಕೆ ನಾಚ್ಕೊಳ್ತಾರೆ. ಸಾಲು ಇಲ್ಲದವರು ಅವಧಿ ಮುಗಿಯೋಕೆ ತಿಂಗಳ ಮುಂಚೆಯೇ ಬರಹದಲ್ಲಿ ತಿಳಿಸಿ, ಇಂಥಾ ತಾರೀಕಿಗೆ ಬಿಡೋಕೆ ರೆಡಿ ಇದೀನಿ, ನನ್ನ ಇಷ್ಟು ದುಡ್ಡು ರೆಡಿ ಇಡಿ ಅಂತ. ವಾಟ್ಸಾಪಲ್ಲೂ ಹಾಕಿ, ಸ್ಪೀಡ್ ಪೋಸ್ಟಲ್ಲೂ ಹಾಕಿ. ಕೋರ್ಟಿಗೆ ಹೋಗೋದಾದ್ರೆ ಹಣದ ದಾವೆಗೆ 3 ವರ್ಷದ ಮಿತಿ ಇದೆ, ಪಾಪ ಒಳ್ಳೇ ಮನುಷ್ಯ, ಕೊಡ್ತಾರೆ ಅಂತ ಕೂತು ಕಳ್ಕೊಂಡವರು ಇದಾರೆ.

ನಮ್ಮದೇ ಕತೆ ಹೇಳ್ತೀನಿ. ಎರಡನೇ ರೂಮ್ ಬಿಡುವಾಗ ಓನರ್ ಪೇಂಟಿಂಗ್, ನಲ್ಲಿ, ಅಡುಗೆ ಕಟ್ಟೆ ಟೈಲ್ಸ್ ಅಂತ ಅರ್ಧ ಡಿಪಾಸಿಟ್ ಮುರ್ಕೊಂಡ್ರು. ಆ ಟೈಲ್ಸ್ ನಾವು ಸೇರುವಾಗಲೇ ಒಡೆದಿತ್ತು. ಸಾಕ್ಷಿ ಏನಿದೆ ಅಂದ್ರು. ಫೋಟೋ ಇಲ್ಲ, ಕಾಗದ ಇಲ್ಲ, ನಮ್ಮೆಜಮಾನ್ರು ಜಗಳಕ್ಕೆ ಹೆದರಿ ಹೋಗಲಿ ಬಿಡೇ ಅಂದ್ರು. ದಿನಾ ಆಫೀಸಲ್ಲಿ ಬೇರೆಯವರ ಅಗ್ರಿಮೆಂಟ್ ಟೈಪ್ ಮಾಡೋಳು ನಾನು, ನನ್ನ ಮನೆಯದ್ದು ಓದಿ ನೋಡಿರಲಿಲ್ಲ. ಅಲ್ಲಿ "ನಾರ್ಮಲ್ ವೇರ್ ಅಂಡ್ ಟೇರ್" ಬಿಟ್ಟು ಅಂತ ಸಾಲಿತ್ತು, ಅಂದ್ರೆ ಜನ ಬದುಕಿದ್ರೆ ಆಗೋ ಸವೆತಕ್ಕೆ ದುಡ್ಡು ಕೇಳೋ ಹಾಗಿಲ್ಲ. ಎರಡು ವರ್ಷ ಒಗ್ಗರಣೆ ಹಾಕಿದ ಮೇಲೆ ಅಡುಗೆಮನೆ ಗೋಡೆ ಬಿಳೀ ಇರುತ್ತಾ ಹೇಳಿ. ಗೋಡೆಗೆ ಮೊಳೆ ಹೊಡೆದು ಪ್ಲಾಸ್ಟರ್ ಕಿತ್ತು ಬಂದ್ರೆ ಅದು ಬೇರೆ ಮಾತು, ಅದು ನಾವು ಕೊಡಬೇಕಾದ್ದೇ. ಸೇರೋ ದಿನ ಖಾಲಿ ಮನೆಯ ವೀಡಿಯೋ ಮಾಡಿ ಅವತ್ತೇ ಓನರ್‌ಗೆ ಕಳಿಸಿ, ಮೂಲೆ ಮೂಲೆ, ಬಾತ್‌ರೂಮ್ ನಲ್ಲಿ ತಿರುಗಿಸಿ ತೋರಿಸಿ.

ಈಗ ಓನರ್ ಟೋಪಿ ಹಾಕ್ಕೊಂಡು ಮಾತಾಡ್ತೀನಿ, ಬಾಡಿಗೆಯವರದ್ದೂ ಕಮ್ಮಿ ಇಲ್ಲ. ನಮ್ಮ ಒನ್ ಆರ್‌ಕೆಯಲ್ಲಿದ್ದ ಹುಡುಗರು ಕೊನೇ ಎರಡು ತಿಂಗಳು ಬಾಡಿಗೆ ಕೊಡಲಿಲ್ಲ, "ಡಿಪಾಸಿಟಲ್ಲಿ ಮುರ್ಕೊಳ್ಳಿ ಆಂಟಿ" ಅಂದ್ರು. ಕರೆಂಟ್ ಬಿಲ್ ಬಂದಾಗ ಗೊತ್ತಾಯ್ತು ಮೂರು ತಿಂಗಳದ್ದು ಕಟ್ಟಿಲ್ಲ ಅಂತ, ಅಷ್ಟೊತ್ತಿಗೆ ಡಿಪಾಸಿಟ್ ಮುಗಿದಿತ್ತು. ಡಿಪಾಸಿಟ್ ಇರೋದು ಬಾಡಿಗೆ ಮುರ್ಕೊಳ್ಳೋಕಲ್ಲ, ಬಿಟ್ಟು ಹೋದ ಮೇಲೆ ಸಿಗೋ ಬಾಕಿಗೆ. ಅದಾದ ಮೇಲೆ ನಾನು ಬಿಡೋ ದಿನ ಮಹಾವಿತರಣ ಕರೆಂಟ್ ಮೀಟರ್ ಫೋಟೋ, ಪೈಪ್ ಗ್ಯಾಸ್ ಮೀಟರ್ ಫೋಟೋ, ಇಬ್ಬರೂ ನಿಂತು ತೆಗೆದು, ಒಂದು ಹಾಳೆಯಲ್ಲಿ ಇಂಥಾ ದಿನ ಇಷ್ಟು ಕೀ ತಗೊಂಡೆ, ಇಷ್ಟು ಹಣ ವಾಪಸ್ ಕೊಟ್ಟೆ ಅಂತ ಬರೆದು ಇಬ್ಬರ ಸಹಿ ಹಾಕಿಸ್ತೀನಿ. ದುಡ್ಡು ಬ್ಯಾಂಕಿಂದಲೇ ಹೋಗಬೇಕು. ಸೊಸೈಟಿಗೆ ಒಂದು ಚೀಟಿ ಕೊಡೋದು ಮರೀಬೇಡಿ, ಎಷ್ಟೋ ಕಡೆ ಓನರ್ ಬರೆದು ಕೊಟ್ಟಿಲ್ಲ ಅಂದ್ರೆ ವಾಚ್‌ಮನ್ ಟೆಂಪೋನ ಗೇಟ್ ದಾಟೋಕೆ ಬಿಡಲ್ಲ.

ಮಾತು ಮುಗಿಸೋ ಹೊತ್ತಿಗೆ ಒಬ್ಬ ಹಿರಿಯರು ಎದ್ದು ನಿಂತ್ರು. ಅವರಿಗೆ ಠಾಣೆ ಸಿಟಿಯಲ್ಲಿ ಫ್ಲ್ಯಾಟ್ ಇದೆ, ಒಂದೇ ಸಂಸಾರ ಎಂಟು ವರ್ಷದಿಂದ ಇದೆ, ಒಳ್ಳೇ ಜನ, ಬಾಡಿಗೆ ಒಂದನೇ ತಾರೀಕಿಗೆ ಬರುತ್ತೆ, ಆದ್ರೆ ಮಗ ಅಮೆರಿಕದಿಂದ ಫೋನ್ ಮಾಡಿ ಹೆದರಿಸ್ತಾನಂತೆ, ಅಪ್ಪಾ 12 ವರ್ಷ ಆದ್ರೆ ಮನೆ ಅವರದ್ದಾಗುತ್ತೆ, ಬಿಡಿಸಿಬಿಡು ಅಂತ. ಈ 12 ವರ್ಷದ ಭೂತ ಮುಂಬಯಿಯಲ್ಲಿ ಎಲ್ಲಾ ಓನರ್‌ಗಳ ಕನಸಲ್ಲಿ ಬರುತ್ತೆ. 12 ವರ್ಷ ಅನ್ನೋದು ಲಿಮಿಟೇಷನ್ ಆ್ಯಕ್ಟಲ್ಲಿ ಇರೋದು ನಿಜ, ಅದು ನಿಮ್ಮ ಜಾಗ ಇದು ನನ್ನದೇ ಅಂತ ನಿಮ್ಮ ಎದುರು ನಿಂತು ಹಿಡ್ಕೊಂಡವರ ಮಾತು. ನೀವು ಇರು ಅಂತ ಕೊಟ್ಟು, ಅವರು ನಿಮಗೆ ಫೀ ಕಟ್ತಾ ಇದ್ರೆ ಅದು ಅನುಮತಿ ಮೇಲಿನ ವಾಸ, ಹನ್ನೆರಡಲ್ಲ ಇಪ್ಪತ್ತು ವರ್ಷ ಆದ್ರೂ ಅಷ್ಟರಿಂದಲೇ ಮನೆ ಅವರದ್ದಾಗಲ್ಲ.

ಆ ಹಿರಿಯರು ಕೂತ್ಕೊಂಡ್ರು. ಆಮೇಲೆ ಮತ್ತೆ ಎದ್ದು, ಅಮ್ಮಾ, ಕೊನೇ ಅಗ್ರಿಮೆಂಟ್ ಐದು ವರ್ಷದ ಹಿಂದೆ ಮುಗಿದಿದೆ, ಆಮೇಲೆ ಮಾಡಿಸಿಲ್ಲ, ಅವರೂ ಕೇಳಿಲ್ಲ ನಾನೂ ಕೇಳಿಲ್ಲ ಅಂದ್ರು. ಹಾಲೆಲ್ಲ ನಗ್ತು. ನಾನು ನಗಲಿಲ್ಲ, ಅವರಿಬ್ಬರಲ್ಲಿ ಒಬ್ಬರಿಗೆ ಏನಾದ್ರೂ ಆದ್ರೆ ಮಕ್ಕಳ ಕಾಲಕ್ಕೆ ಯಾವ ಮಾತಿಗೂ ಕಾಗದ ಇರಲ್ಲ. ಸೋಮವಾರ ಬೆಳಗ್ಗೆ ಹೆಬ್ಬೆಟ್ಟಿನ ಮಷಿನ್ ಹುಡುಗನ ನಂಬರ್ ಕಳಿಸಿದೆ. ಎರಡೂ ಕಡೆಯವರು ಆಧಾರ್ ಕಾರ್ಡ್ ಹುಡುಕ್ತಾ ಇದಾರಂತೆ.